ಬಾಗಿಲ ಹಿಂದಿನ ರಕ್ತ ಯಾರ ಕಣ್ಣಿಗೆ ಕಂಡಿತು: ಬಾರ್ಟೋಕ್ ಒಪೆರಾ ತೆರೆಗೆ ಬಂದಾಗ

ಹಂಗೇರಿಯ ಸಂಗೀತ ರಚನಕಾರ ಬೇಲಾ ಬಾರ್ಟೋಕ್ ತಮ್ಮ ಜೀವಮಾನದಲ್ಲಿ ಬರೆದದ್ದು ಒಂದೇ ಒಂದು ಒಪೆರಾ, ಅಂದರೆ ಮಾತಿನ ಬದಲು ಹಾಡಿನಲ್ಲೇ ನಡೆಯುವ ಸಂಗೀತ ನಾಟಕ. ಇಂಗ್ಲಿಷ್ ಬಲ್ಲವರ ನಡುವೆ ‘ಬ್ಲೂಬಿಯರ್ಡ್ಸ್ ಕ್ಯಾಸಲ್’ ಎಂದು ಹೆಸರಾಗಿರುವ, ಕನ್ನಡದಲ್ಲಿ ‘ನೀಲಿಗಡ್ಡದ ದೊರೆಯ ಕೋಟೆ’ ಎನ್ನಬಹುದಾದ ಈ ಕೃತಿ 1911ರಲ್ಲಿ ರಚನೆಯಾಗಿ, ಏಳು ವರ್ಷ ಕಾದು, 1918ರ ಮೇ 24ರಂದು ಬುಡಾಪೆಸ್ಟ್‌ನಲ್ಲಿ ಮೊದಲ ಬಾರಿಗೆ ರಂಗವೇರಿತು. ಅದರ ಅವಧಿ ಒಂದು ಗಂಟೆಯ ಆಸುಪಾಸು. ಹಾಡುವ ಪಾತ್ರಗಳು ಎರಡೇ. ರಂಗಮಂದಿರಕ್ಕೆ ಹೋಗಿ ಇದನ್ನು ನೋಡಿದವರಿಗಿಂತ ಟೀವಿಯಲ್ಲಿ, ಚಿತ್ರಮಂದಿರದಲ್ಲಿ, ಈಚೆಗೆ ಅಂತರ್ಜಾಲದಲ್ಲಿ ನೋಡಿದವರ ಸಂಖ್ಯೆ ಈಗ ದೊಡ್ಡದಿರಬೇಕು. ಹಾಗೆ ತೆರೆಯ ಮೇಲೆ ನೋಡಿದವರ ಮಾತು ಕೇಳಿದರೆ ಅವರೆಲ್ಲ ಒಂದೇ ಕೃತಿಯನ್ನು ನೋಡಿದ್ದಾರೆಂದು ನಂಬುವುದು ಕಷ್ಟ. ಒಬ್ಬರಿಗೆ ಅದು ಹೆಂಡತಿಯರನ್ನು ನುಂಗಿದ ಕ್ರೂರಿಯ ಕಥೆ, ಇನ್ನೊಬ್ಬರಿಗೆ ತನ್ನ ಮನಸ್ಸನ್ನು ಯಾರಿಗೂ ತೆರೆಯಲಾರದ ಒಂಟಿ ಗಂಡಸಿನ ದುರಂತ, ಮತ್ತೊಬ್ಬರಿಗೆ ಏನೇನೂ ನಡೆಯದ ಒಂದು ದೀರ್ಘ ಗಂಟೆ. ಈ ಭಿನ್ನಾಭಿಪ್ರಾಯವನ್ನು ಲೋಕೋ ಭಿನ್ನರುಚಿಃ ಎಂದು ತಳ್ಳಿಹಾಕುವುದು ಸುಲಭ. ಆದರೆ ಬಾರ್ಟೋಕ್ ಅವರ ಕೃತಿಯಲ್ಲಿ ಬೇಕೆಂದೇ ಬಿಟ್ಟ ಒಂದು ಖಾಲಿ ಜಾಗವಿದೆ. ಅದನ್ನು ತುಂಬಬೇಕೇ ಬೇಡವೇ, ತುಂಬುವುದಾದರೆ ಯಾವುದರಿಂದ ಎಂದು ತೀರ್ಮಾನಿಸುವುದು ಕ್ಯಾಮೆರಾ. ನೋಡುಗರ ಪ್ರತಿಕ್ರಿಯೆ ಬಹುಮಟ್ಟಿಗೆ ಆ ತೀರ್ಮಾನವನ್ನೇ ಹಿಂಬಾಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಥೆ ಹೀಗಿದೆ. ಯೂದಿತ್ ಎಂಬ ತರುಣಿ ತಂದೆತಾಯಿಯನ್ನೂ ಮದುವೆ ನಿಶ್ಚಯವಾಗಿದ್ದವನನ್ನೂ ಬಿಟ್ಟು ನೀಲಿಗಡ್ಡದ ದೊರೆಯ ಹಿಂದೆ ಅವನ ಕೋಟೆಗೆ ಬರುತ್ತಾಳೆ. ಒಳಗೆ ಕತ್ತಲು, ಕಿಟಕಿಗಳಿಲ್ಲ, ಗೋಡೆಗಳು ಒದ್ದೆ. ಕೋಟೆ ಅಳುತ್ತಿದೆಯೇ ಎಂದು ಅವಳು ಕೇಳುತ್ತಾಳೆ. ಎದುರಿಗೆ ಮುಚ್ಚಿದ ಏಳು ಬಾಗಿಲುಗಳು. ಬೆಳಕು, ಗಾಳಿ ಒಳಬರಲಿ, ಎಲ್ಲವನ್ನೂ ತೆರೆ ಎಂದು ಅವಳು ಹಟ ಹಿಡಿಯುತ್ತಾಳೆ. ಅವನು ಒಲ್ಲದ ಮನಸ್ಸಿನಿಂದ ಬೀಗದ ಕೈಗಳನ್ನು ಕೊಡುತ್ತಾ ಹೋಗುತ್ತಾನೆ. ಮೊದಲನೆಯದು ಚಿತ್ರಹಿಂಸೆಯ ಕೋಣೆ, ಎರಡನೆಯದು ಆಯುಧಾಗಾರ, ಮೂರನೆಯದು ಭಂಡಾರ, ನಾಲ್ಕನೆಯದು ಹೂದೋಟ, ಐದನೆಯದು ಕಣ್ಣು ಹಾಯುವಷ್ಟು ದೂರ ಹರಡಿದ ಅವನ ರಾಜ್ಯ, ಆರನೆಯದು ಕಣ್ಣೀರಿನ ಕೊಳ. ಏಳನೆಯ ಬಾಗಿಲ ಹಿಂದೆ ಅವನ ಹಿಂದಿನ ಮೂವರು ಹೆಂಡತಿಯರಿದ್ದಾರೆ. ಬೆಳಗು, ನಡುಹಗಲು, ಸಂಜೆಗಳಲ್ಲಿ ತನಗೆ ಸಿಕ್ಕವರೆಂದು ಅವನು ಅವರನ್ನು ಪರಿಚಯಿಸುತ್ತಾನೆ. ರಾತ್ರಿ ಸಿಕ್ಕವಳು ಯೂದಿತ್. ಭಾರವಾದ ಕಿರೀಟ, ಒಡವೆ, ನಿಲುವಂಗಿಗಳನ್ನು ಅವಳಿಗೂ ತೊಡಿಸಲಾಗುತ್ತದೆ. ಅವಳು ಆ ಮೂವರ ಹಿಂದೆಯೇ ಒಳಗೆ ಹೋಗುತ್ತಾಳೆ, ಬಾಗಿಲು ಮುಚ್ಚುತ್ತದೆ.

ಇಲ್ಲಿ ಮುಖ್ಯವಾದ ಸಂಗತಿ, ಆ ಮೂವರೂ ಜೀವಂತವಾಗಿರುವುದು. 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೋ ಪ್ರಕಟಿಸಿದ ಪ್ರಸಿದ್ಧ ಕಥೆಯಲ್ಲಿ ನೀಲಿಗಡ್ಡದವನ ನಿಷಿದ್ಧ ಕೋಣೆಯೊಳಗೆ ಸಿಗುವುದು ಹೆಂಡತಿಯರ ಹೆಣಗಳು. ಕೊನೆಗೆ ಹುಡುಗಿಯ ಅಣ್ಣಂದಿರು ಬಂದು ಅವನನ್ನು ಕೊಂದು ಅವಳನ್ನು ಉಳಿಸುತ್ತಾರೆ. ಬಾರ್ಟೋಕ್ ಅವರಿಗೆ ಸಾಹಿತ್ಯ ಒದಗಿಸಿದ ಬೇಲಾ ಬಲಾಜ್ ಆ ಕಥೆಯಿಂದ ಹೆಣಗಳನ್ನೂ ಅಣ್ಣಂದಿರನ್ನೂ ತೆಗೆದುಹಾಕಿದರು. ಟ್ರಾನ್ಸಿಲ್ವೇನಿಯಾದ ಹಂಗೇರಿಯನ್ ಲಾವಣಿಗಳ ಛಂದಸ್ಸನ್ನು ಹಿಡಿದು, ಸಾಲಿಗೆ ಎಂಟು ಅಕ್ಷರಗಳಂತೆ ಹೊಸ ಸಾಹಿತ್ಯ ಬರೆದರು. ಕೋಟೆಯೆಂದರೆ ಕಲ್ಲುಗಾರೆಯ ಕಟ್ಟಡವಲ್ಲ, ದೊರೆಯ ಆತ್ಮವೇ ಎಂಬುದು ಅವರ ಆಲೋಚನೆಯಾಗಿತ್ತು. ಪೆರೋ ಕಥೆಯನ್ನು ನೆನಪಿಟ್ಟುಕೊಂಡು ನೋಡಲು ಕೂತವರು ಕೊಲೆ ಎಲ್ಲಿ, ಶಿಕ್ಷೆ ಎಲ್ಲಿ ಎಂದು ಕೊನೆಯವರೆಗೂ ಕಾಯುತ್ತಾರೆ. ಕಾದದ್ದು ಬರದೇ ಇದ್ದಾಗ ಅವರು ಹೇಳುವ ಮೊದಲ ಮಾತು ‘ಕಥೆ ಅರ್ಧಕ್ಕೇ ನಿಂತಿತು’ ಎಂಬುದು.

ಈಗ ರಕ್ತದ ವಿಷಯಕ್ಕೆ ಬರೋಣ. ಮೊದಲನೆಯ ಬಾಗಿಲು ತೆರೆದ ಕೂಡಲೇ ಯೂದಿತ್‌ಗೆ ಗೋಡೆಯ ಮೇಲೆ ರಕ್ತ ಕಾಣುತ್ತದೆ. ಆಯುಧಗಳ ಮೇಲೆ ಒಣಗಿದ ರಕ್ತ, ಭಂಡಾರದ ಕಿರೀಟದ ಮೇಲೆ ರಕ್ತ, ತೋಟದಲ್ಲಿ ಬಿಳಿ ಗುಲಾಬಿಯ ಬುಡದಲ್ಲಿ ರಕ್ತ, ಐದನೆಯ ಬಾಗಿಲಾಚೆ ರಾಜ್ಯದ ಮೇಲೆ ತೇಲುವ ಮೋಡದ ನೆರಳು ಕೂಡ ರಕ್ತದ್ದು. ಪ್ರತಿ ಸಲವೂ ವಾದ್ಯವೃಂದದಲ್ಲಿ ಅಕ್ಕಪಕ್ಕದ ಎರಡು ಸ್ವರಗಳು ಒಟ್ಟಿಗೇ ಮೊಳಗಿ ಕಿವಿಯನ್ನು ಗೀರುತ್ತವೆ. ಆದರೆ ರಕ್ತವಿದೆ ಎಂದು ಹೇಳುವವಳು ಯೂದಿತ್ ಮಾತ್ರ. ದೊರೆ ಅದನ್ನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ‘ಹೆದರಿಕೆಯಾಗುತ್ತಿದೆಯೇ’ ಎಂದು ಕೇಳುತ್ತಾನೆ, ನನ್ನನ್ನು ಪ್ರೀತಿಸು, ಪ್ರಶ್ನೆ ಕೇಳಬೇಡ ಎನ್ನುತ್ತಾನೆ. ಸಂಗೀತ ಅವಳ ಪರವಾಗಿ ಸಾಕ್ಷಿ ಹೇಳುತ್ತಿದೆಯೋ ಅಥವಾ ಅವಳ ಭಯಕ್ಕೆ ದನಿಯಾಗಿದೆಯೋ ಎಂಬುದು ಕೊನೆತನಕವೂ ಇತ್ಯರ್ಥವಾಗುವುದಿಲ್ಲ.

ರಂಗದ ಮೇಲೆ ಈ ಅನಿಶ್ಚಯವನ್ನು ಕಾಪಾಡುವುದು ಕಷ್ಟವಲ್ಲ. ಮೂಲ ರಂಗಸೂಚನೆಗಳ ಪ್ರಕಾರ ಬಾಗಿಲು ತೆರೆದಾಗ ಪ್ರೇಕ್ಷಕರಿಗೆ ಒಳಗಿನ ಕೋಣೆ ಕಾಣಬೇಕಾಗಿಲ್ಲ, ಕಾಣಬೇಕಾದದ್ದು ಬೆಳಕು. ಮೊದಲ ಬಾಗಿಲು ಗೋಡೆಯಲ್ಲಿ ಬಿದ್ದ ಗಾಯದಂತೆ ರಕ್ತಗೆಂಪಾಗಿ ತೆರೆದುಕೊಂಡು ನೆಲದ ಮೇಲೆ ಒಂದು ಪಟ್ಟೆ ಬೆಳಕನ್ನು ಚೆಲ್ಲುತ್ತದೆ. ಆಯುಧಾಗಾರದಿಂದ ಹಳದಿಗೆಂಪು, ಭಂಡಾರದಿಂದ ಚಿನ್ನದ ಬಣ್ಣ, ತೋಟದಿಂದ ನೀಲಿಹಸಿರು ಬೆಳಕು ಬಂದು ಮೊದಲನೆಯದರ ಪಕ್ಕ ಸೇರುತ್ತವೆ. ಒಳಗಿರುವುದು ಏನೆಂಬುದನ್ನು ನಾವು ಯೂದಿತ್‌ಳ ಬಾಯಿಂದ ಮತ್ತು ವಾದ್ಯವೃಂದದಿಂದ ತಿಳಿಯುತ್ತೇವೆ. ಅಂದರೆ ನೋಡುವವಳು ಅವಳು, ನಾವು ಕೇಳುವವರು. ಕೃತಿಯ ಆರಂಭದಲ್ಲಿ ಪರದೆ ಏಳುವ ಮುನ್ನ ಕಥೆಗಾರನೊಬ್ಬ ಬಂದು ಆಡುವ ಪದ್ಯರೂಪದ ಮುನ್ನುಡಿಯೂ ಇದನ್ನೇ ಕೇಳುತ್ತದೆ: ನಮ್ಮ ರೆಪ್ಪೆಗಳ ಪರದೆ ಎದ್ದಿದೆ, ಹಾಗಾದರೆ ರಂಗಸ್ಥಳ ಇರುವುದು ಹೊರಗೋ ಒಳಗೋ? ಹಲವು ಪ್ರದರ್ಶನಗಳಲ್ಲಿಯೂ ಧ್ವನಿಮುದ್ರಣಗಳಲ್ಲಿಯೂ ಈ ಮುನ್ನುಡಿಯನ್ನು ಕೈಬಿಡುತ್ತಾರೆ. ಅದನ್ನು ಕಳೆದುಕೊಂಡ ನೋಡುಗರಿಗೆ ತಾವು ನೋಡಲಿರುವುದು ಎಂಥ ಕೃತಿ ಎಂಬ ಮುನ್ಸೂಚನೆಯೇ ಸಿಗುವುದಿಲ್ಲ.

ಸಿನಿಮಾಕ್ಕೆ ಈ ಅನುಕೂಲವಿಲ್ಲ. ಬಾಗಿಲು ತೆರೆದ ಮೇಲೆ ಕ್ಯಾಮೆರಾ ಎಲ್ಲಾದರೂ ನೋಡಲೇಬೇಕು. ಕೋಣೆಯ ಒಳಗೆ ನೋಡಿ ರಕ್ತವನ್ನು ತೋರಿಸಿದರೆ ಯೂದಿತ್ ಹೇಳಿದ್ದು ನಿಜವೆಂದಾಯಿತು, ದೊರೆ ಅಪರಾಧಿಯಾದ. ಕೋಣೆಯನ್ನು ತೋರಿಸಿ ರಕ್ತವನ್ನು ತೋರಿಸದಿದ್ದರೆ ಅವಳ ಮನಸ್ಸೇ ಕಲಕಿದೆ ಎಂದಾಯಿತು. ಕೋಣೆಯನ್ನು ತೋರಿಸದೆ ಅವಳ ಮುಖವನ್ನೇ ತೋರಿಸಿದರೆ ಪ್ರಶ್ನೆ ಉಳಿಯುತ್ತದೆ, ಆದರೆ ‘ಏನನ್ನೂ ತೋರಿಸಲಿಲ್ಲ’ ಎಂಬ ದೂರು ಬರುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸಿದರೂ ನೋಡುಗರ ಒಂದು ಗುಂಪಿಗೆ ಅಸಮಾಧಾನ ಖಚಿತ.

ಈ ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳಲು ಬ್ರಿಟಿಷ್ ನಿರ್ದೇಶಕ ಮೈಕೆಲ್ ಪೊವೆಲ್ 1963ರಲ್ಲಿ ಬೇರೆಯೇ ದಾರಿ ಹಿಡಿದರು. ಮೂರು ವರ್ಷ ಹಿಂದೆ ಬಿಡುಗಡೆಯಾದ ಅವರ ‘ಪೀಪಿಂಗ್ ಟಾಮ್’, ಹೆಣ್ಣುಗಳನ್ನು ಕೊಲ್ಲುತ್ತಾ ಅವರ ಭಯವನ್ನು ಚಿತ್ರೀಕರಿಸುವವನ ಕಥೆ, ಬ್ರಿಟನ್ನಿನ ವಿಮರ್ಶಕರಿಂದ ಉಗಿಸಿಕೊಂಡು ಅವರ ವೃತ್ತಿಗೆ ದೊಡ್ಡ ಪೆಟ್ಟು ಕೊಟ್ಟಿತ್ತು. ಆ ಬಳಿಕ ಜರ್ಮನ್ ಟೀವಿಗಾಗಿ, ಜರ್ಮನ್ ಭಾಷೆಯಲ್ಲಿ ಅವರು ಬಾರ್ಟೋಕ್ ಒಪೆರಾವನ್ನು ಚಿತ್ರಿಸಿದರು. ದೊರೆಯಾಗಿ ಹಾಡಿದವರು ನಾರ್ಮನ್ ಫಾಸ್ಟರ್, ಯೂದಿತ್ ಆಗಿ ಆನಾ ರಾಕೆಲ್ ಸಾತ್ರೆ. ‘ದಿ ರೆಡ್ ಶೂಸ್’ ಚಿತ್ರದ ಕಾಲದಿಂದ ಪೊವೆಲ್ ಜೊತೆಗಿದ್ದ ಕಲಾ ನಿರ್ದೇಶಕ ಹೈನ್ ಹೆಕ್‌ರೋತ್ ಕಲ್ಲಿನ ಕೋಟೆ ಕಟ್ಟುವ ಗೋಜಿಗೇ ಹೋಗದೆ ಬಣ್ಣದ ಬೆಳಕು, ಅಮೂರ್ತ ಆಕಾರಗಳು, ಕತ್ತಲಿನ ಹರವುಗಳಿಂದ ಸ್ಟುಡಿಯೋದೊಳಗೆ ಒಂದು ಮನಸ್ಸಿನ ಒಳಾಂಗಣವನ್ನೇ ನಿರ್ಮಿಸಿದರು. ಹೀಗಾಗಿ ಇಲ್ಲಿ ಕಾಣುವುದು ನಿಜವಾದ ರಕ್ತವೋ ಅಲ್ಲವೋ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಇಲ್ಲಿ ಯಾವ ವಸ್ತುವೂ ನಿಜವಲ್ಲ. ಈ ಚಿತ್ರ ಬಹುಕಾಲ ಸುಲಭವಾಗಿ ನೋಡಲು ಸಿಗುತ್ತಿರಲಿಲ್ಲ. ನೋಡಿದವರಲ್ಲಿ ಚಿತ್ರಕಲೆ ಬಲ್ಲವರು ಅದಕ್ಕೆ ಮಾರುಹೋದರೆ, ಸಂಗೀತದ ಮಂದಿ ಹಂಗೇರಿಯನ್ ನುಡಿ ಹೋದದ್ದಕ್ಕೆ ಮುಖ ಸಿಂಡರಿಸುತ್ತಾರೆ. ಎರಡಕ್ಕೂ ಕಾರಣವಿದೆ, ಎರಡನೆಯದರ ಬಗ್ಗೆ ಮುಂದೆ ಹೇಳುತ್ತೇನೆ.

ಹಂಗೇರಿಯನ್ ಟೀವಿಗಾಗಿ ಮಿಕ್ಲೋಶ್ ಸಿನೆತಾರ್ 1981ರಲ್ಲಿ ನಿರ್ದೇಶಿಸಿದ ಚಿತ್ರದಲ್ಲಿ ಹಾಡಿದವರಿಬ್ಬರೂ ಹಂಗೇರಿಯನ್ನರು: ಕೊಲೊಶ್ ಕೊವಾಚ್ ಮತ್ತು ಸಿಲ್ವಿಯಾ ಶಶ್. ಸಂಗೀತ ನಿರ್ವಹಣೆ ಬುಡಾಪೆಸ್ಟ್‌ನಲ್ಲೇ ಹುಟ್ಟಿ, ಅಲ್ಲಿನ ಅಕಾಡೆಮಿಯಲ್ಲಿ ಕಲಿತ ಜಾರ್ಜ್ ಶೋಲ್ಟಿ ಅವರದು, ವಾದ್ಯವೃಂದ ಲಂಡನ್ ಫಿಲ್‌ಹಾರ್ಮೊನಿಕ್. ಅದೇ ವಾದ್ಯವೃಂದ 1988ರಲ್ಲಿ ಆಡಂ ಫಿಶರ್ ಅವರ ನಿರ್ವಹಣೆಯಲ್ಲಿ ಬಿಬಿಸಿಯ ಚಿತ್ರಕ್ಕೂ ನುಡಿಸಿತು. ಲೆಸ್ಲಿ ಮೆಗಾಹಿ ನಿರ್ದೇಶನದ ಅದರಲ್ಲಿ ರಾಬರ್ಟ್ ಲಾಯ್ಡ್ ಮತ್ತು ಎಲಿಜಬೆತ್ ಲಾರೆನ್ಸ್ ಹಂಗೇರಿಯನ್ ಭಾಷೆಯಲ್ಲೇ ಹಾಡಿದ್ದಾರೆ. ಪೊವೆಲ್ ಚಿತ್ರಕ್ಕೆ ಹೋಲಿಸಿದರೆ ಇವೆರಡರಲ್ಲೂ ಕೋಟೆ ಕೋಟೆಯಂತೆಯೇ ಇದೆ: ಗೋಡೆಗಳಿವೆ, ಮಬ್ಬು ಬೆಳಕಿದೆ, ಮುಟ್ಟಬಹುದಾದ ಬಾಗಿಲುಗಳಿವೆ. ಕಥೆ ಹಿಡಿಯಲು ಬಯಸುವ ಹೊಸಬರು ಸಾಮಾನ್ಯವಾಗಿ ಮೆಚ್ಚುವುದು ಇಂಥದ್ದನ್ನೇ. ಆದರೆ ಗೋಡೆ ನಿಜವೆನಿಸಿದಷ್ಟೂ ಅದರ ಹಿಂದಿನ ಅಪರಾಧವೂ ನಿಜವೆನಿಸುತ್ತದೆ. ಆತ್ಮದ ರೂಪಕವಾಗಬೇಕಿದ್ದ ಕೋಟೆ ಪತ್ತೇದಾರಿ ಕಥೆಯ ಘಟನಾಸ್ಥಳವಾಗಿಬಿಡುವ ಅಪಾಯ ಇದ್ದೇ ಇರುತ್ತದೆ.

‘ಏನೂ ನಡೆಯುವುದಿಲ್ಲ’ ಎಂಬ ದೂರು ತೆರೆಯ ಕಾಲದ್ದಲ್ಲ, ಕೃತಿಯಷ್ಟೇ ಹಳೆಯದು. 1911ರಲ್ಲಿ ಬಾರ್ಟೋಕ್ ಇದನ್ನು ಬುಡಾಪೆಸ್ಟ್‌ನ ಒಂದು ಒಪೆರಾ ಸ್ಪರ್ಧೆಗೆ ಕಳುಹಿಸಿದ್ದರು, ಮರುವರ್ಷ ಇನ್ನೊಂದಕ್ಕೆ. ಎರಡೂ ಕಡೆ ತಿರಸ್ಕೃತವಾಯಿತು. ಎರಡೇ ಪಾತ್ರಗಳ, ಒಂದೇ ದೃಶ್ಯದ ಈ ಕೃತಿ ರಂಗಕ್ಕೆ ಒಗ್ಗುವಂಥದ್ದಲ್ಲ ಎಂದು ಆಗಿನ ತೀರ್ಪುಗಾರರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಡೆಯುವುದೆಲ್ಲ ಸಂಗೀತದೊಳಗೆ ನಡೆಯುತ್ತದೆ. ಕೃತಿ ಪ್ರಾರಂಭವಾಗುವುದು ಎಫ್ ಶಾರ್ಪ್ ಸ್ವರದ ಸುತ್ತ, ತಂತಿವಾದ್ಯಗಳ ತಗ್ಗಿದ ದನಿಯಲ್ಲಿ, ಐದೇ ಸ್ವರಗಳ ಜನಪದ ಧಾಟಿಯ ಸಾಲಿನಿಂದ. ಬಾಗಿಲುಗಳು ತೆರೆಯುತ್ತಾ ಹೋದಂತೆ ಅದು ಬೆಳಕಿನತ್ತ ಏರಿ, ಐದನೆಯ ಬಾಗಿಲಲ್ಲಿ ಸಿ ಮೇಜರ್, ಅಂದರೆ ಸಿ ಸ್ವರದ ಮೇಲೆ ನಿಂತ ಸ್ವರಮೇಳ, ಮುಟ್ಟುತ್ತದೆ. ಹನ್ನೆರಡು ಸ್ವರಗಳ ವೃತ್ತದಲ್ಲಿ ಎಫ್ ಶಾರ್ಪ್‌ಗೆ ನೇರ ಎದುರಿರುವ ಬಿಂದು ಅದು. ಅದಕ್ಕಿಂತ ದೂರ ಹೋಗಲು ಸಾಧ್ಯವಿಲ್ಲ. ಅಲ್ಲಿಂದ ಮುಂದೆ ಇಳಿಜಾರು: ಆರನೆಯ ಬಾಗಿಲು ತೆರೆದಾಗ ಸಭಾಂಗಣದ ಮೇಲೆ ನೆರಳು ಹಾಯುತ್ತದೆ, ಏಳನೆಯದಕ್ಕೆ ಹೊರಟಾಗ ಐದು ಮತ್ತು ಆರನೆಯ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಕೊನೆಗೆ ಮೊದಲಿನ ಎಫ್ ಶಾರ್ಪ್, ಮೊದಲಿನ ಕತ್ತಲು. ಈ ಏರಿಳಿತವನ್ನು ಕಿವಿ ಹಿಡಿದರೆ ಒಂದು ಗಂಟೆ ಉದ್ದವೆನಿಸದು. ಕಣ್ಣು ಮಾತ್ರ ಕೆಲಸ ಮಾಡುತ್ತಿದ್ದರೆ ಇಬ್ಬರು ನಿಂತಲ್ಲೇ ನಿಂತು ಬೀಗದ ಕೈಗಾಗಿ ಜಗ್ಗಾಡುತ್ತಿರುವುದಷ್ಟೇ ಕಾಣುತ್ತದೆ.

ಐದನೆಯ ಬಾಗಿಲನ್ನು ತುಸು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ನೋಡುಗರ ಅಭಿಪ್ರಾಯ ಕವಲೊಡೆಯುವುದು ಬಹುಪಾಲು ಇಲ್ಲೇ. ಬಾಗಿಲು ತೆರೆದ ಕ್ಷಣ ಯೂದಿತ್ ಬೆಳಕಿಗೆ ತತ್ತರಿಸಿ ಮೇಲಿನ ಸಿ ಸ್ವರದಲ್ಲಿ ಒಂದೇ ಒಂದು ಉದ್ಗಾರ ತೆಗೆಯುತ್ತಾಳೆ. ಇಡೀ ವಾದ್ಯವೃಂದ, ಅದರ ಜೊತೆಗೆ ಪೈಪ್ ಆರ್ಗನ್, ಸಾಲದ್ದಕ್ಕೆ ರಂಗದ ಮೇಲೆಯೇ ನಿಲ್ಲಿಸಿದ ಹೆಚ್ಚುವರಿ ಹಿತ್ತಾಳೆ ವಾದ್ಯಗಳು ಒಂದಾದ ಮೇಲೊಂದು ಭಾರೀ ಸ್ವರಮೇಳಗಳನ್ನು ಹೊಮ್ಮಿಸುತ್ತವೆ. ಇದು ನನ್ನ ರಾಜ್ಯ, ಇಗೋ ಕಾಡು, ಇಗೋ ನದಿ, ಅಗೋ ದೂರದ ಬೆಟ್ಟಗಳು ಎಂದು ದೊರೆ ಹೆಮ್ಮೆಯಿಂದ ಹಾಡುತ್ತಾನೆ. ಆಗ ವಾದ್ಯಗಳೆಲ್ಲ ಥಟ್ಟನೆ ನಿಲ್ಲುತ್ತವೆ. ಆ ಮೌನದಲ್ಲಿ ಯೂದಿತ್, ಯಾವ ಪಕ್ಕವಾದ್ಯದ ಆಸರೆಯೂ ಇಲ್ಲದೆ, ಮೆಲುದನಿಯಲ್ಲಿ, ನಿನ್ನ ರಾಜ್ಯ ಚೆಂದವಿದೆ, ದೊಡ್ಡದಿದೆ ಎಂದಷ್ಟೇ ಹೇಳುತ್ತಾಳೆ. ಅಲ್ಲಿ ಭಾವ ತುಂಬಬಾರದೆಂದು ಬಾರ್ಟೋಕ್ ಸ್ಪಷ್ಟವಾಗಿ ಬರೆದಿದ್ದಾರೆ. ರಂಗಮಂದಿರದಲ್ಲಿ ಕುಳಿತವನಿಗೆ ಆ ನಾದದ ಅಲೆ ಎದೆಗೆ ಬಡಿದಿರುತ್ತದೆ. ಅದಾದ ಮೇಲೆ ಬರುವ ಆ ಒಣ ಉತ್ತರ ಬೆನ್ನಲ್ಲಿ ಚಳಿ ಹುಟ್ಟಿಸುತ್ತದೆ. ಟೀವಿಯ ಸಣ್ಣ ಸ್ಪೀಕರಿನಲ್ಲಿ ಆ ಅಲೆ ಅಲೆಯಾಗಿ ಉಳಿಯುವುದಿಲ್ಲ. ಪ್ರಸಾರದಲ್ಲಿ ಅತಿ ದೊಡ್ಡ ದನಿಯನ್ನು ತಗ್ಗಿಸಿ ಅತಿ ಸಣ್ಣ ದನಿಯನ್ನು ಎತ್ತುವುದು ವಾಡಿಕೆ, ಹೀಗಾಗಿ ಎರಡರ ನಡುವಿನ ಅಂತರವೇ ಕುಗ್ಗುತ್ತದೆ. ತೆರೆಯ ಮೇಲೆ ಹಸಿರು ಬೆಟ್ಟಗಳ ಚಿತ್ರ ತೋರಿಸಿದರಂತೂ ಅದು ಪ್ರವಾಸೋದ್ಯಮದ ಜಾಹೀರಾತಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ‘ಅಷ್ಟೊಂದು ಹೊಗಳಿದ ದೃಶ್ಯ ಇದೇನಾ’ ಎಂದು ಲ್ಯಾಪ್‌ಟಾಪಿನಲ್ಲಿ ನೋಡಿದವರು ಕೇಳುವುದರಲ್ಲಿ ಅನ್ಯಾಯವೇನಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ನೋಡಿ ಎಂಬ ಸಲಹೆ ಇಲ್ಲಿ ತಾಂತ್ರಿಕವಾದದ್ದಲ್ಲ, ಕೃತಿಯ ಅರ್ಥಕ್ಕೇ ಸಂಬಂಧಿಸಿದ್ದು.

‘ರಾಗವೇ ಇಲ್ಲ, ಬರೀ ಮಾತನ್ನು ಎಳೆದೆಳೆದು ಹೇಳುತ್ತಾರೆ’ ಎಂಬುದು ಇನ್ನೊಂದು ಸಾಮಾನ್ಯ ಪ್ರತಿಕ್ರಿಯೆ. ಇಟಾಲಿಯನ್ ಒಪೆರಾದ ಮನಮೋಹಕ ಹಾಡುಗಳನ್ನು ನಿರೀಕ್ಷಿಸಿದವರಿಗೆ ಹಾಗನ್ನಿಸುವುದು ಸಹಜ. ಬಾರ್ಟೋಕ್ ಮತ್ತು ಅವರ ಗೆಳೆಯ ಜೋಲ್ತಾನ್ ಕೊದಾಯ್ 1905ರ ಆಸುಪಾಸಿನಿಂದ ಹಳ್ಳಿಹಳ್ಳಿ ಸುತ್ತಿ, ಮೇಣದ ಸಿಲಿಂಡರುಗಳ ಮೇಲೆ ರೈತರ ಹಾಡುಗಳನ್ನು ಮುದ್ರಿಸಿಕೊಂಡಿದ್ದರು. ಹಳೆಯ ಹಂಗೇರಿಯನ್ ಹಾಡುಗಳಲ್ಲಿ ತಾಳದ ಕಟ್ಟಿಲ್ಲದೆ, ಮಾತಿನ ಏರಿಳಿತವನ್ನು ಅನುಸರಿಸಿ ಹಿಗ್ಗುತ್ತಾ ಕುಗ್ಗುತ್ತಾ ಸಾಗುವ ಒಂದು ಶೈಲಿಯಿದೆ. ಒಪೆರಾದ ಎರಡೂ ಪಾತ್ರಗಳು ಹಾಡುವುದು ಬಹುಮಟ್ಟಿಗೆ ಅದರಲ್ಲೇ. ನಮ್ಮ ಗಮಕಿಗಳು ಕುಮಾರವ್ಯಾಸನನ್ನು ವಾಚನ ಮಾಡುವಾಗ ರಾಗ ಪದ್ಯದ ಅರ್ಥವನ್ನು ಹಿಡಿದು ನಡೆಯುತ್ತದೆಯೇ ಹೊರತು ತಾಳಕ್ಕೆ ಸಿಲುಕುವುದಿಲ್ಲವಲ್ಲ, ಹೆಚ್ಚುಕಡಿಮೆ ಅದೇ ಬಗೆ. ಹಂಗೇರಿಯನ್ ಭಾಷೆಯಲ್ಲಿ ಒತ್ತು ಯಾವಾಗಲೂ ಪದದ ಮೊದಲ ಅಕ್ಷರದ ಮೇಲೆ ಬೀಳುತ್ತದೆ; ಬಾರ್ಟೋಕ್ ಅವರ ಸಾಲುಗಳೂ ಬಹುಮಟ್ಟಿಗೆ ಹಾಗೆಯೇ ಮೇಲಿನಿಂದ ಕೆಳಕ್ಕೆ ಇಳಿಯುವಂತೆ ಪ್ರಾರಂಭವಾಗುತ್ತವೆ. ಜರ್ಮನ್ನಿನಲ್ಲೋ ಇಂಗ್ಲಿಷಿನಲ್ಲೋ ಹಾಡಿದಾಗ ಒತ್ತಿಲ್ಲದ ಪುಟ್ಟ ಪದಗಳು ಸಾಲಿನ ಮುಂದೆ ಬಂದು ಕೂರುತ್ತವೆ, ನಡೆ ಕುಂಟುತ್ತದೆ. ಪೊವೆಲ್ ಚಿತ್ರದ ಬಗ್ಗೆ ಸಂಗೀತಜ್ಞರ ತಕರಾರಿನ ತಿರುಳು ಇಷ್ಟೇ, ಅದು ಭಾಷಾಭಿಮಾನದ ಮಾತಲ್ಲ. ಅಡಿಬರಹಗಳದ್ದು ಬೇರೆಯದೇ ತೊಂದರೆ: ಲಾವಣಿಯ ಗುಣವಿರುವ ಸಾಹಿತ್ಯದಲ್ಲಿ ಒಂದೇ ಮಾತು ಎರಡು ಮೂರು ಸಲ ಬರುತ್ತದೆ, ಅಡಿಬರಹ ಅದನ್ನು ಒಂದೇ ಸಲ ತೋರಿಸಿ ಸುಮ್ಮನಾಗುತ್ತದೆ. ಓದುತ್ತಾ ನೋಡುವವರಿಗೆ ಪಾತ್ರಗಳು ಕಾರಣವಿಲ್ಲದೆ ನಿಧಾನ ಮಾಡುತ್ತಿರುವಂತೆ ತೋರುತ್ತದೆ.

ಈ ಕೃತಿಯ ಚಿತ್ರರೂಪದ ಬಗ್ಗೆ ಮಾತಾಡುವಾಗ ನನಗೆ ಅತ್ಯಂತ ಸ್ವಾರಸ್ಯಕರವೆನಿಸುವ ಸಂಗತಿ ಸಾಹಿತ್ಯ ಬರೆದ ಬಲಾಜ್ ಅವರ ಮುಂದಿನ ಬದುಕು. 1919ರಲ್ಲಿ ಹಂಗೇರಿಯ ಅಲ್ಪಾಯುಷಿ ಕಮ್ಯುನಿಸ್ಟ್ ಸರ್ಕಾರ ಉರುಳಿದಾಗ ಅದರ ಪರವಾಗಿದ್ದ ಅವರು ದೇಶ ಬಿಟ್ಟು ವಿಯೆನ್ನಾ ಸೇರಿದರು. ಬುಡಾಪೆಸ್ಟ್‌ನ ಹೊಸ ಅಧಿಕಾರಸ್ಥರಿಗೆ ಅವರ ಹೆಸರು ಭಿತ್ತಿಪತ್ರದಲ್ಲಿ ಕಾಣುವುದು ಬೇಕಿರಲಿಲ್ಲ. ಅವರ ಹೆಸರು ತೆಗೆದು ಪ್ರದರ್ಶಿಸಲು ಬಾರ್ಟೋಕ್ ಒಪ್ಪಲಿಲ್ಲ. ಪರಿಣಾಮವಾಗಿ 1936ರವರೆಗೆ ಒಪೆರಾ ತನ್ನ ಊರಿನಲ್ಲೇ ಮತ್ತೆ ರಂಗವೇರಲಿಲ್ಲ. ವಿಯೆನ್ನಾದಲ್ಲಿ ಬಲಾಜ್ ಪತ್ರಿಕೆಗೆ ಚಿತ್ರವಿಮರ್ಶೆ ಬರೆಯತೊಡಗಿ, 1924ರಲ್ಲಿ ಪ್ರಕಟಿಸಿದ ‘ಗೋಚರ ಮಾನವ’ ಎಂಬರ್ಥದ ಪುಸ್ತಕದಿಂದ ಜಗತ್ತಿನ ಮೊದಲ ಪ್ರಮುಖ ಚಲನಚಿತ್ರ ಚಿಂತಕರಲ್ಲಿ ಒಬ್ಬರಾದರು. ಸಮೀಪ ದೃಶ್ಯ, ಅಂದರೆ ಕ್ಲೋಸ್-ಅಪ್, ಸಿನಿಮಾದ ನಿಜವಾದ ಶಕ್ತಿ. ಮುಖವೊಂದು ಮಾತಿಲ್ಲದೆ ಒಂದೇ ಹೊತ್ತಿಗೆ ಹಲವು ಭಾವಗಳನ್ನು ಆಡಬಲ್ಲದು. ಮನುಷ್ಯರಿಗಷ್ಟೇ ಅಲ್ಲ, ವಸ್ತುಗಳಿಗೂ ಮುಖವಿದೆ. ಇದು ಅವರ ವಾದದ ತಿರುಳು. ಅಳುವ ಗೋಡೆ, ಬಾಗಿಲು ಬಡಿದಾಗ ನಿಟ್ಟುಸಿರಿಡುವ ಕೋಟೆ, ಇವನ್ನು ಬರೆದ ಕವಿ ಹದಿನಾಲ್ಕು ವರ್ಷಗಳ ಬಳಿಕ ಹೀಗೆ ಬರೆದರೆಂದರೆ, ಒಪೆರಾದ ಸಾಹಿತ್ಯದಲ್ಲೇ ಸಿನಿಮಾದ ಕಣ್ಣು ಮೊಳೆತಿತ್ತು ಎನ್ನಲು ಅಡ್ಡಿಯಿಲ್ಲ. ಆ ಲೆಕ್ಕದಲ್ಲಿ, ಬಾಗಿಲ ಒಳಗೆ ಇಣುಕುವ ಚಿತ್ರಕ್ಕಿಂತ, ಬಾಗಿಲಿನಿಂದ ಬಂದ ಬೆಳಕು ಯೂದಿತ್‌ಳ ಮುಖದ ಮೇಲೆ ಮಾಡುವ ಕೆಲಸವನ್ನು ನೋಡುತ್ತಾ ನಿಲ್ಲುವ ಚಿತ್ರ ಬಲಾಜ್ ಅವರಿಗೆ ಹೆಚ್ಚು ನಿಷ್ಠವಾದದ್ದು.

ಆದರೆ ಸಮೀಪ ದೃಶ್ಯಕ್ಕೆ ಒಪೆರಾದಲ್ಲಿ ಒಂದು ಬೆಲೆ ತೆರಬೇಕಾಗುತ್ತದೆ. ದೊಡ್ಡ ವಾದ್ಯವೃಂದವನ್ನು ದಾಟಿ ದನಿ ತಲುಪಿಸುವ ಗಾಯಕಿಯ ಮುಖದಲ್ಲಿ ದವಡೆ ಅಗಲವಾಗಿ ತೆರೆದಿರುತ್ತದೆ, ಕುತ್ತಿಗೆಯ ನರ ಉಬ್ಬಿರುತ್ತದೆ, ಪಾತ್ರದ ಭಾವಕ್ಕೂ ಗಾಯನದ ಶ್ರಮಕ್ಕೂ ಜಗಳ ಹತ್ತುತ್ತದೆ. ಇದನ್ನು ತಪ್ಪಿಸಲು 1981ರ ಚಿತ್ರದಲ್ಲಿ ಧ್ವನಿಯನ್ನು ಮೊದಲೇ ಮುದ್ರಿಸಿಕೊಂಡು, ಗಾಯಕರು ಅದಕ್ಕೆ ತುಟಿ ಸೇರಿಸಿ ಅಭಿನಯಿಸಿದರು. ಮುಖಗಳು ಶಾಂತವಾದವು, ಆದರೆ ಅಷ್ಟು ದೊಡ್ಡ ನಾದ ಅಷ್ಟು ನಿರಾಯಾಸವಾಗಿ ತೆರೆದ ಬಾಯಿಂದ ಬರುತ್ತಿರುವುದು ನಂಬುವಂತಿಲ್ಲ ಎಂದು ಒಪೆರಾ ರಸಿಕರು ದೂರುತ್ತಾರೆ. ಹಿನ್ನೆಲೆ ಗಾಯನಕ್ಕೆ ಒಗ್ಗಿಹೋಗಿರುವ ನಮ್ಮ ಕಣ್ಣಿಗೆ ಇದು ದೋಷವಾಗಿ ತೋರುವ ಸಂಭವ ಕಡಿಮೆ. ಈ ಒಂದು ವಿಷಯದಲ್ಲಿ ಕನ್ನಡದ ನೋಡುಗರಿಗೆ ವಿಯೆನ್ನಾದ ನೋಡುಗರಿಗಿಂತ ಅನುಕೂಲ ಹೆಚ್ಚು.

ನೇರ ಪ್ರಸಾರದಲ್ಲಿ ಅಂಥ ಅವಕಾಶವಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 2006ರ ಡಿಸೆಂಬರ್ ಕೊನೆಯಲ್ಲಿ ಚಿತ್ರಮಂದಿರಗಳಿಗೆ ನೇರ ಪ್ರಸಾರ ಶುರುಮಾಡಿತು. 2015ರ ಫೆಬ್ರವರಿ 14ರಂದು, ಪ್ರೇಮಿಗಳ ದಿನವೇ, ಅದು ಬಿತ್ತರಿಸಿದ್ದು ಪೋಲೆಂಡಿನ ನಿರ್ದೇಶಕ ಮಾರಿಯುಷ್ ತ್ರೆಲಿನ್ಸ್‌ಕಿ ಅವರ ಜೋಡಿ ಪ್ರದರ್ಶನವನ್ನು: ಮೊದಲು ಚೈಕೋವ್‌ಸ್ಕಿಯವರ ‘ಯೊಲಾಂಟಾ’, ಬಳಿಕ ಬಾರ್ಟೋಕ್. ಮೊದಲನೆಯದರಲ್ಲಿ ಕುರುಡಿ ರಾಜಕುಮಾರಿಗೆ ಪ್ರೀತಿಯಿಂದ ಕಣ್ಣು ಬರುತ್ತದೆ. ಎರಡನೆಯದರಲ್ಲಿ ಎಲ್ಲವನ್ನೂ ನೋಡಲೇಬೇಕೆಂದ ಹೆಣ್ಣು ಕತ್ತಲಿಗೆ ಸೇರುತ್ತಾಳೆ. ಜೋಡಣೆ ಬುದ್ಧಿವಂತಿಕೆಯದು. ಮೊದಲನೆಯದರಲ್ಲಿ ಹಾಡಿದವರು ಆನ್ನಾ ನೆಟ್ರೆಬ್ಕೊ ಆದ್ದರಿಂದ ಅವರಿಗಾಗಿಯೇ ಟಿಕೆಟ್ ಕೊಂಡವರೂ ಕಡಿಮೆಯಿದ್ದಿರಲಾರರು. ಸುಖಾಂತ್ಯದ ಮಧುರ ಸಂಗೀತ ಕೇಳಿ, ವಿರಾಮದಲ್ಲಿ ಕಾಫಿ ಕುಡಿದು ಬಂದು ಕೂತವರ ಮೇಲೆ ಬಾರ್ಟೋಕ್ ಎರಗುವ ಬಗೆ, ಬಾರ್ಟೋಕ್ ಕೃತಿಗಾಗಿಯೇ ಬಂದವರ ಅನುಭವದಂತಿರಲು ಸಾಧ್ಯವಿಲ್ಲ. ತ್ರೆಲಿನ್ಸ್‌ಕಿ 1940ರ ದಶಕದ ಹಾಲಿವುಡ್ ಅಪರಾಧ ಚಿತ್ರಗಳ ನೆರಳುಬೆಳಕನ್ನು ಆಧುನಿಕ ಮನೆಯೊಂದಕ್ಕೆ ತಂದಿದ್ದರು. ಯೂದಿತ್ ಆಗಿ ನಾದ್ಯಾ ಮಿಖಾಯೆಲ್, ದೊರೆಯಾಗಿ ಮಿಖಾಯಿಲ್ ಪೆಟ್ರೆಂಕೊ ಹಾಡಿದ ಈ ಪ್ರದರ್ಶನವನ್ನು ಸಭಾಂಗಣದಲ್ಲಿ ಕುಳಿತು ನೋಡುವುದೂ ತೆರೆಯ ಮೇಲೆ ನೋಡುವುದೂ ಒಂದೇ ಅಲ್ಲ. ಸಭಾಂಗಣದಲ್ಲಿ ಕುಳಿತವರು ಇಬ್ಬರಲ್ಲಿ ಯಾರನ್ನು ನೋಡಬೇಕೆಂದು ತಾವೇ ಆರಿಸಿಕೊಳ್ಳುತ್ತಾರೆ. ಚಿತ್ರಮಂದಿರದವರ ಪರವಾಗಿ ಆರಿಸುವವರು ಪ್ರಸಾರದ ನಿರ್ದೇಶಕರು. ದೊರೆಯ ಪಾತ್ರ ಬಹಳ ಹೊತ್ತು ಮೌನವಾಗಿ ಕೇಳಿಸಿಕೊಳ್ಳುತ್ತದೆ. ಹಾಡುತ್ತಿರುವವರತ್ತಲೇ ಕ್ಯಾಮೆರಾ ತಿರುಗುತ್ತಿದ್ದರೆ ಅವನ ಆ ಮೌನದ ಸಂಕಟ ತೆರೆಗೆ ಬರುವುದೇ ಇಲ್ಲ. ಅವನು ಕಲ್ಲೆದೆಯವನು ಎಂಬ ತೀರ್ಮಾನಕ್ಕೆ ನೋಡುಗರು ಬರುವುದರಲ್ಲಿ ಕ್ಯಾಮೆರಾದ ಪಾಲೂ ಇದೆ.

ಇತ್ತೀಚಿನ ದೊಡ್ಡ ವಿವಾದ ಅಂತ್ಯದ ಕುರಿತದ್ದು. ಮ್ಯೂನಿಕ್‌ನ ಬವೇರಿಯನ್ ಸ್ಟೇಟ್ ಒಪೆರಾಕ್ಕಾಗಿ 2020ರಲ್ಲಿ ಕೇಟಿ ಮಿಚೆಲ್ ನಿರ್ದೇಶಿಸಿದ, ಅಂತರ್ಜಾಲದಲ್ಲೂ ಪ್ರಸಾರವಾದ ಪ್ರದರ್ಶನದ ಹೆಸರೇ ‘ಜ್ಯೂಡಿತ್’, ಅಂದರೆ ಯೂದಿತ್ ಹೆಸರಿನ ಇಂಗ್ಲಿಷ್ ರೂಪ. ಒಪೆರಾಕ್ಕೆ ಮುನ್ನ ಬಾರ್ಟೋಕ್ ಅವರದೇ ‘ಕನ್ಸರ್ಟೊ ಫಾರ್ ಆರ್ಕೆಸ್ಟ್ರಾ’ ಎಂಬ ವಾದ್ಯವೃಂದ ಕೃತಿಯನ್ನು ನುಡಿಸುತ್ತಾ, ಅದರ ಜೊತೆಗೆ ಹಿನ್ನೆಲೆಯನ್ನು ಕಟ್ಟಿಕೊಡುವ ಒಂದು ಚಲನಚಿತ್ರವನ್ನು ತೋರಿಸಲಾಯಿತು. ಇದರಲ್ಲಿ ಯೂದಿತ್ ಮೋಹಗೊಂಡು ಬಂದ ಹೆಣ್ಣಲ್ಲ, ವೇಷ ಮರೆಸಿಕೊಂಡು ಬಂದ ಪೊಲೀಸ್ ಅಧಿಕಾರಿ. ಒತ್ತೆಯಿರಿಸಿಕೊಂಡ ಮೂವರನ್ನು ಬಿಡಿಸಲೆಂದೇ ಅವಳು ಬಾಗಿಲುಗಳನ್ನು ತೆರೆಸುತ್ತಾಳೆ, ಕೊನೆಗೆ ಬಿಡಿಸಿಯೂ ಬಿಡುತ್ತಾಳೆ. ನೀನಾ ಸ್ಟೆಮ್ಮೆ ಮತ್ತು ಜಾನ್ ಲುಂಡ್‌ಗ್ರೆನ್ ಹಾಡಿದ್ದು ಬಲಾಜ್ ಬರೆದ ಸಾಲುಗಳನ್ನೇ. ಕೆಲವರಿಗೆ ಇದು ನೂರು ವರ್ಷ ತಡವಾಗಿ ಸಿಕ್ಕ ನ್ಯಾಯ. ಇನ್ನು ಕೆಲವರಿಗೆ ಬಾರ್ಟೋಕ್ ಬರೆದ ಸೋಲಿನ ಸಂಗೀತದ ಮೇಲೆ ಗೆಲುವಿನ ಚಿತ್ರ ಅಂಟಿಸಿದ ಅಧಿಕಪ್ರಸಂಗ. ನನಗೆ ಎರಡನೆಯವರ ವಾದ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಕೊನೆಯ ಎಫ್ ಶಾರ್ಪ್ ಬಿಡುಗಡೆಯ ಸ್ವರವಲ್ಲ. ಆದರೂ ಮಿಚೆಲ್ ಅವರ ಪ್ರಯೋಗ ಒಂದು ಉಪಕಾರ ಮಾಡಿತು: ‘ಮುಟ್ಟದೆ ಹಾಗೆಯೇ’ ತೋರಿಸಿದ ಹಳೆಯ ಚಿತ್ರಗಳೂ ರಕ್ತವನ್ನು ತೋರಿಸುವ ಅಥವಾ ಮರೆಸುವ ಮೂಲಕ ಯಾರದೋ ಪರ ವಹಿಸಿಯೇ ಇದ್ದವು ಎಂಬುದನ್ನು ಅದು ಎದ್ದು ಕಾಣುವಂತೆ ಮಾಡಿತು.

ಏಳನೆಯ ಬಾಗಿಲಿನ ಹೆಂಡತಿಯರಿಗೆ ಕೃತಿಯಲ್ಲಿ ಒಂದೇ ಒಂದು ಸ್ವರವೂ ಇಲ್ಲ; ಅವರು ನಡೆದು ಬರುತ್ತಾರೆ, ನಿಲ್ಲುತ್ತಾರೆ, ಮರಳುತ್ತಾರೆ. ರಂಗದ ಮೇಲೆ ಅವರು ದೂರದ ಆಕೃತಿಗಳು. ತೆರೆಯ ಮೇಲೆ ಅವರಿಗೆ ಮುಖ ಬಂದುಬಿಡುತ್ತದೆ. ಆ ಮುಖದಲ್ಲಿ ತೃಪ್ತಿಯಿದೆಯೇ, ಭಯವಿದೆಯೇ, ಅಥವಾ ಗೊಂಬೆಯ ನಿರ್ಭಾವವಿದೆಯೇ ಎಂಬುದರ ಮೇಲೆ ನೋಡುಗರ ಕೊನೆಯ ತೀರ್ಪು ನಿಲ್ಲುತ್ತದೆ. ಹೀಗಾಗಿ ಇದನ್ನು ಮೊದಲ ಸಲ ನೋಡುವವರು ಒಂದೇ ಚಿತ್ರಕ್ಕೆ ನಿಲ್ಲದೆ ಎರಡನ್ನು ನೋಡುವುದು ಒಳ್ಳೆಯದು. ಭಾಷೆಯ ನಡೆ ಕಿವಿಗೆ ಸರಿಯಾಗಿ ಬೀಳುವುದರಿಂದ ಮೊದಲಿಗೆ ಸಿನೆತಾರ್ ಅವರ 1981ರ ಚಿತ್ರ, ಅದಾದ ಮೇಲೆ ಪೊವೆಲ್ ಅವರದು. ಇವೆರಡರ ನಡುವೆ ಒಮ್ಮೆ, ಯಾವುದೇ ಚಿತ್ರವಿಲ್ಲದೆ, ಸಾಹಿತ್ಯದ ಅನುವಾದವನ್ನು ಕೈಯಲ್ಲಿ ಹಿಡಿದು ಧ್ವನಿಮುದ್ರಣವನ್ನಷ್ಟೇ ಕೇಳಿದರೆ, ಯೂದಿತ್ ಕಂಡ ರಕ್ತದ ಬಗ್ಗೆ ತಮ್ಮ ನಿಲುವೇನೆಂದು ಕ್ಯಾಮೆರಾದ ಹಂಗಿಲ್ಲದೆ ಗೊತ್ತುಮಾಡಿಕೊಳ್ಳಬಹುದು.